ಕೂಸಿನ ಬಿಡದ ಕೆಮ್ಮು: ಅಜ್ಜಿಯ ಮದ್ದಿನಲ್ಲಿ ಯಾವುದು ಇರಲಿ, ಯಾವುದು ಬೇಡ

ದೀಪಾವಳಿ ಕಳೆದು ಚಳಿ ಕಾಲಿಡುತ್ತಿದ್ದಂತೆ ಕೃಷ್ಣೆ ಮತ್ತು ಘಟಪ್ರಭೆಯ ದಂಡೆಯ ನಮ್ಮ ಊರುಗಳಲ್ಲಿ ಎರಡು ಸದ್ದುಗಳು ಕೇಳತೊಡಗುತ್ತವೆ. ಒಂದು, ಕಬ್ಬು ಹೇರಿಕೊಂಡು ಕಾರ್ಖಾನೆಯತ್ತ ಸಾಗುವ ಟ್ರ್ಯಾಕ್ಟರುಗಳದು. ಇನ್ನೊಂದು, ನಡುರಾತ್ರಿಯಲ್ಲಿ ಮನೆಮನೆಯಿಂದ ಕೇಳಿಬರುವ ಕೂಸುಗಳ ಕೆಮ್ಮಿನದು. ನೆಗಡಿ ವಾಸಿಯಾಗಿರುತ್ತದೆ, ಜ್ವರ ಇಳಿದಿರುತ್ತದೆ, ಕೂಸು ಹಗಲೆಲ್ಲ ಆಡುತ್ತಿರುತ್ತದೆ. ಆದರೆ ಮಲಗಿಸಿದೊಡನೆ ಕೆಮ್ಮು ಮತ್ತೆ ಏಳುತ್ತದೆ. ಹದಿನೈದು ದಿನ ಕಳೆದರೂ ಹೋಗಲಿಲ್ಲವೆಂದು ತಾಯಿ ಕಂಗಾಲಾಗುತ್ತಾಳೆ, ಅಜ್ಜಿ ಡಬ್ಬಿಯಲ್ಲಿನ ಬೇರು ತೇಯಲು ಕೂಡುತ್ತಾಳೆ, ತಂದೆ ಔಷಧದ ಅಂಗಡಿಗೆ ಹೋಗಿ ಒಂದು ಸಿರಪ್ ತರುತ್ತಾನೆ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ಸದ್ಭಕ್ತರು ಈ ಬಗ್ಗೆ ಮೇಲಿಂದ ಮೇಲೆ ಕೇಳುವುದರಿಂದ, ಒಂದು ವರ್ಷದಿಂದ ಮೂರು ವರ್ಷದವರೆಗಿನ ಕೂಸುಗಳ ಬಿಡದ ಕೆಮ್ಮಿನ ಕುರಿತು ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ವಿವರಿಸುತ್ತಿದ್ದೇವೆ. ಮೂರು ತಿಂಗಳೊಳಗಿನ ಹಸುಗೂಸು ಕೆಮ್ಮಿದರೆ ಮನೆಮದ್ದಿನ ಮಾತೇ ಬೇಡ. ಅದನ್ನು ವೈದ್ಯರಿಗೆ ತೋರಿಸಲೇಬೇಕು.

ಮೊದಲು ಅರಿಯಬೇಕಾದದ್ದು, ಕೆಮ್ಮು ರೋಗವಲ್ಲ ಎಂಬುದನ್ನು. ನೆಗಡಿಯ ವೈರಾಣುಗಳು ಶ್ವಾಸನಾಳದ ಒಳಪೊರೆಯನ್ನು ಕೆರಳಿಸಿ ಹೋಗಿರುತ್ತವೆ. ಆ ಪೊರೆ ಮತ್ತೆ ಹದಕ್ಕೆ ಬರಲು ವಾರಗಳು ಬೇಕು. ಅಷ್ಟು ಕಾಲ ಅಲ್ಲಿ ಸೇರುವ ಕಫವನ್ನು ಹೊರದೂಡಲು ದೇಹವು ಮಾಡುವ ಕಾಯಕವೇ ಕೆಮ್ಮು. ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಲೆಕ್ಕವೊಂದರ ಪ್ರಕಾರ, ನೆಗಡಿಯ ನಂತರದ ಕೆಮ್ಮು 100ರಲ್ಲಿ 90 ಮಕ್ಕಳಿಗೆ ಪೂರ್ಣವಾಗಿ ಹೋಗಲು ಸುಮಾರು 25 ದಿನ ಹಿಡಿಯುತ್ತದೆ. ನಾವು ಏಳೆಂಟು ದಿನಕ್ಕೆ ಹೋಗಬೇಕೆಂದು ಬಯಸುತ್ತೇವೆ. ಈ ಎರಡು ಲೆಕ್ಕಗಳ ನಡುವಿನ ಹದಿನೈದಿಪ್ಪತ್ತು ದಿನಗಳ ಕಳವಳದಲ್ಲಿಯೇ ಕೂಸಿನ ಬಾಯಿಗೆ ಬೀಳಬಾರದ್ದೆಲ್ಲ ಬೀಳುತ್ತದೆ. ವೈರಾಣುವಿನ ಕೆಮ್ಮಿಗೆ ಆ್ಯಂಟಿಬಯಾಟಿಕ್ ಕೂಡ ಕೆಲಸ ಮಾಡುವುದಿಲ್ಲ. ಹಳೆಯ ಚೀಟಿ ತೋರಿಸಿ ಅದನ್ನೇ ಮತ್ತೆ ತರುವುದು ತರವಲ್ಲ.

ಸಿರಪ್ಪಿನ ಮಾತನ್ನು ಸ್ಪಷ್ಟವಾಗಿಯೇ ಹೇಳಬೇಕಾಗಿದೆ. 2025ರ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಮಧ್ಯಪ್ರದೇಶದ ಛಿಂದವಾಡಾ ಭಾಗದಲ್ಲಿ ಕೆಮ್ಮಿನ ಸಿರಪ್ ಕುಡಿದ 20ಕ್ಕೂ ಹೆಚ್ಚು ಎಳೆಯ ಮಕ್ಕಳು ಮೂತ್ರಪಿಂಡ ಕೆಟ್ಟು ತೀರಿಕೊಂಡರು. ಆ ಸಿರಪ್ಪಿನಲ್ಲಿ ಕಾರ್ಖಾನೆಗಳ ಬಳಕೆಗೆ ಮೀಸಲಾದ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷದ್ರಾವಣ ಬೆರೆತಿತ್ತು. ಅಕ್ಟೋಬರ್ 3ರಂದು ಕೇಂದ್ರ ಸರಕಾರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು, ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಸಿರಪ್ ಬರೆದುಕೊಡಬಾರದು, ಐದು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಅದು ಬೇಡ ಎಂದು ರಾಜ್ಯಗಳಿಗೆ ಸೂಚಿಸಿತು. ಅದಕ್ಕೂ ಮೊದಲೇ, 2023ರ ಡಿಸೆಂಬರಿನಲ್ಲಿ, ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಕೂಡಿಸಿದ ನೆಗಡಿ ಔಷಧವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಶೀಶೆಯ ಮೇಲೆ ಮುದ್ರಿಸಲು ಔಷಧ ನಿಯಂತ್ರಕರು ಆದೇಶಿಸಿದ್ದರು. ವಿಷ ಬೆರೆಯದ ಒಳ್ಳೆಯ ಸಿರಪ್ ಆದರೂ ಎಳೆಯ ಮಕ್ಕಳ ಕೆಮ್ಮನ್ನು ಬೇಗ ಕಳೆಯುತ್ತದೆಂಬುದಕ್ಕೆ ಗಟ್ಟಿ ಆಧಾರವಿಲ್ಲ. ದೊಡ್ಡವರ ಸಿರಪ್ಪನ್ನು ಅರ್ಧ ಚಮಚೆ ಮಾಡಿ ಕೂಸಿಗೆ ಕುಡಿಸುವ ಧೈರ್ಯವನ್ನಂತೂ ಯಾರೂ ಮಾಡಬಾರದು.

ಈ ಸುದ್ದಿಯ ನಂತರ ಬಹಳ ಮನೆಗಳು ಮನೆಮದ್ದಿನತ್ತ ತಿರುಗಿರುವುದು ಸಹಜವೇ. ಆದರೆ ಮನೆಯದೆಂಬ ಮಾತ್ರಕ್ಕೆ ಎಲ್ಲವೂ ನಿರುಪದ್ರವಿಯಲ್ಲ. ಮನೆಮದ್ದಿನಿಂದ ನಾವು ಬಯಸಬೇಕಾದದ್ದು ಗಂಟಲಿನ ಕೆರೆತ ತಗ್ಗಿ ಕೂಸು ನಿದ್ದೆ ಹೋಗುವುದನ್ನು ಮಾತ್ರ. ಕೆಮ್ಮನ್ನು ಬೇರುಸಹಿತ ಕೀಳುವೆನೆಂದು ಹೊರಟ ಮದ್ದೇ ಹೆಚ್ಚಾಗಿ ಅಪಾಯ ತರುತ್ತದೆ.

ಜೇನು ಮತ್ತು ಅದರ ವಯಸ್ಸು

ಅಜ್ಜಿಯ ಡಬ್ಬಿಯಲ್ಲಿ ಪರೀಕ್ಷೆಗೆ ನಿಂತು ಗೆದ್ದ ಮದ್ದೆಂದರೆ ಜೇನುತುಪ್ಪ. ವಿಶ್ವ ಆರೋಗ್ಯ ಸಂಸ್ಥೆಯು 2001ರಲ್ಲಿಯೇ ಗಂಟಲಿಗೆ ಹಿತ ನೀಡುವ ಮನೆಮದ್ದುಗಳ ಸಾಲಿನಲ್ಲಿ ಅದನ್ನು ಹೆಸರಿಸಿತ್ತು. 2012ರಲ್ಲಿ ಇಸ್ರೇಲಿನ ವೈದ್ಯರು ಒಂದರಿಂದ ಐದು ವರ್ಷದ 300 ಮಕ್ಕಳನ್ನು ಆಯ್ದು, ಕೆಲವರಿಗೆ ಮಲಗುವ ಅರ್ಧ ಗಂಟೆ ಮೊದಲು ಜೇನನ್ನು, ಉಳಿದವರಿಗೆ ಅದರಂತೆಯೇ ತೋರುವ ಖರ್ಜೂರದ ಪಾಕವನ್ನು ಕೊಟ್ಟು ನೋಡಿದರು. ಜೇನು ಸೇವಿಸಿದ ಮಕ್ಕಳು ಆ ರಾತ್ರಿ ಕಡಿಮೆ ಕೆಮ್ಮಿದರು, ಚೆನ್ನಾಗಿ ಮಲಗಿದರು. ಇದರಲ್ಲಿ ನಮಗೆ ಸ್ವಾರಸ್ಯವೆನಿಸಿದ್ದು ಇನ್ನೊಂದು ಸಂಗತಿ: ಖರ್ಜೂರದ ಪಾಕ ಕುಡಿದ ಮಕ್ಕಳಿಗೂ ಕೆಮ್ಮು ಸಾಕಷ್ಟು ಇಳಿದಿತ್ತು. ಸಿಹಿ ಮತ್ತು ಜಿಗಿ ಗಂಟಲನ್ನು ಸವರುವುದರಿಂದ ಒಂದಿಷ್ಟು ಹಿತವಾಗುತ್ತದೆ; ಮಿಕ್ಕಿದ್ದನ್ನು ಕಾಲವೇ ಮಾಡುತ್ತದೆ.

ಒಂದು ವರ್ಷ ತುಂಬಿದ ಕೂಸಿಗೆ ಮಲಗುವ ಮುನ್ನ ಅರ್ಧ ಚಹಾ ಚಮಚೆ ಜೇನನ್ನು ಹಾಗೆಯೇ ನೆಕ್ಕಿಸಬಹುದು, ಇಲ್ಲವೇ ಉಗುರುಬೆಚ್ಚಗಿನ ನೀರಿನಲ್ಲಿ ಕದಡಿ ಕುಡಿಸಬಹುದು. ನಂತರ ಬಾಯಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಎಳೆ ಹಲ್ಲು ಹುಳಿತುಹೋಗುವುದಿಲ್ಲ.

ಆದರೆ ಒಂದು ವರ್ಷದೊಳಗಿನ ಕೂಸಿಗೆ ಜೇನು ಬೆರಳ ತುದಿಯಷ್ಟೂ ಬೇಡ. ಜೇನಿನಲ್ಲಿ ಕೆಲವೊಮ್ಮೆ ಬೊಟ್ಯುಲಿಸಂ ಎಂಬ ರೋಗದ ಸೂಕ್ಷ್ಮಾಣುಬೀಜಗಳು ಅಡಗಿರುತ್ತವೆ. ದೊಡ್ಡವರ ಕರುಳಿನಲ್ಲಿ ಅವು ಮೊಳೆಯಲಾರವು. ಹಸುಗೂಸಿನ ಕರುಳಿನಲ್ಲಿ ಮೊಳೆತು ವಿಷ ಹೊರಸೂಸುತ್ತವೆ. ಕೂಸಿಗೆ ಮಲಬದ್ಧತೆಯಾಗುತ್ತದೆ, ಅಳುವ ದನಿ ಕ್ಷೀಣಿಸುತ್ತದೆ, ಕತ್ತು ಜೋಲುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಜೇನನ್ನು ಕುದಿಸಿದರೂ ಈ ಬೀಜಗಳು ಸಾಯುವುದಿಲ್ಲ. ಹುಟ್ಟಿದ ಕೂಸಿನ ನಾಲಿಗೆಗೆ ಜೇನು ಸವರುವ ರೂಢಿ ಮತ್ತು ಬಾಲಗುಟ್ಟಿಯನ್ನು ಜೇನಿನಲ್ಲಿ ತೇಯ್ದು ಕೊಡುವ ರೂಢಿ ನಮ್ಮ ಭಾಗದಲ್ಲಿ ಇನ್ನೂ ಉಳಿದಿವೆ. ಹಿರಿಯರು ಪ್ರೀತಿಯಿಂದಲೇ ನಡೆಸಿಕೊಂಡು ಬಂದದ್ದು ನಿಜ. ಅದನ್ನು ಇಂದು ನಿಲ್ಲಿಸಬೇಕಾದದ್ದೂ ಅಷ್ಟೇ ನಿಜ. ಗುಟ್ಟಿಯಲ್ಲಿ ತೇಯುವ ಬಜೆ ಬೇರಿನಲ್ಲಿರುವ ಬೀಟಾ-ಅಸರೋನ್ ಎಂಬ ಅಂಶದಿಂದಾಗಿ ಅಮೆರಿಕದಲ್ಲಿ ಅದನ್ನು ಆಹಾರಕ್ಕೆ ಬೆರೆಸುವುದನ್ನು 1968ರಷ್ಟು ಹಿಂದೆಯೇ ನಿಷೇಧಿಸಲಾಗಿದೆ. ಕೆಮ್ಮಿಗೆಂದು ಅದನ್ನು ದಿನವೂ ನೆಕ್ಕಿಸುವುದು ಬೇಡವೆಂದೇ ನಮ್ಮ ಅಭಿಪ್ರಾಯ.

ಬೆಲ್ಲದ ನಾಡಿನವರಾದ ನಾವು ಬೆಲ್ಲ-ಶುಂಠಿಯನ್ನು ಮರೆಯಲಾಗದು. ಒಂದು ಬಟ್ಟಲು ನೀರಿಗೆ ಸಣ್ಣ ಚೂರು ಅಲ್ಲವನ್ನು ಜಜ್ಜಿ ಹಾಕಿ ಕುದಿಸಿ, ಸೋಸಿ, ಚೂರು ಬೆಲ್ಲ ಕದಡಿ, ಬೆಚ್ಚಗಿರುವಾಗ ಎರಡು ಮೂರು ಚಮಚೆ ಕುಡಿಸಿದರೆ ವರ್ಷ ದಾಟಿದ ಕೂಸಿಗೆ ಹಿತವಾಗುತ್ತದೆ. ತುಳಸಿ ಅಥವಾ ದೊಡ್ಡಪತ್ರೆಯ ಒಂದೆರಡು ಎಲೆ ಸೇರಿಸಿದರೆ ಅಡ್ಡಿಯಿಲ್ಲ. ಇವುಗಳನ್ನು ಜೇನಿನಂತೆ ದೊಡ್ಡ ಪರೀಕ್ಷೆಗೆ ಒಡ್ಡಿದವರು ವಿರಳ. ಬಿಸಿ ಪಾನೀಯದ ಹಿತವೇ ಇಲ್ಲಿ ಮುಖ್ಯವೆಂದು ತಿಳಿಯಬೇಕು. ಮೆಣಸಿನಕಾಳಿನ ಖಾರದ ಕಷಾಯವನ್ನು ಮೂಗು ಹಿಡಿದು ಕುಡಿಸುವುದರಿಂದ ಮಾತ್ರ ಹಿತವಾಗುವುದಿಲ್ಲ. ಕೂಸು ಅತ್ತು, ವಾಂತಿ ಮಾಡಿಕೊಂಡು, ಕುಡಿದದ್ದು ಶ್ವಾಸಕ್ಕೆ ಹೋಗುವ ಸಂಭವವೇ ಹೆಚ್ಚು. ಹಾಲಿಗೆ ಚಿಟಿಕೆ ಅರಿಶಿಣ ಹಾಕುವವರು ಕೊಂಬನ್ನು ತಂದು ಮನೆಯಲ್ಲಿಯೇ ಕುಟ್ಟಿಕೊಂಡರೆ ಒಳಿತು. ಬಣ್ಣ ಕಟ್ಟಲು ಬಿಡಿ ಪುಡಿಗೆ ಸೀಸದ ರಾಸಾಯನಿಕ ಬೆರೆಸಿದ ಪ್ರಕರಣಗಳು ಉಪಖಂಡದಲ್ಲಿ ಹಲವೆಡೆ ಬಯಲಾಗಿವೆ.

ಹಾಲು, ಬಾಳೆಹಣ್ಣು, ಮೊಸರು ಥಂಡಿ ಎಂದು ಎಲ್ಲವನ್ನೂ ನಿಲ್ಲಿಸಿಬಿಡುವ ಮನೆಗಳಿವೆ. ಹಾಲು ಕಫವನ್ನು ಹೆಚ್ಚಿಸುವುದಿಲ್ಲವೆಂದು ಪರೀಕ್ಷಿಸಿ ನೋಡಲಾಗಿದೆ. ಕೆಮ್ಮುವ ಕೂಸಿಗೆ ಬೇಕಾದದ್ದು ಅನ್ನ ಮತ್ತು ನೀರು. ತಾಯಿಯ ಹಾಲನ್ನು ಎಂದಿನಂತೆ, ಬೇಡಿದಾಗಲೆಲ್ಲ ಕುಡಿಸಬೇಕು. ಜೋಳದ ನುಚ್ಚು, ತೆಳ್ಳಗಿನ ಅಂಬಲಿ, ಬೇಳೆಯ ಕಟ್ಟು, ಮೆತ್ತಗಿನ ಅನ್ನವನ್ನು ಸ್ವಲ್ಪ ಸ್ವಲ್ಪವಾಗಿ ಮೇಲಿಂದ ಮೇಲೆ ತಿನ್ನಿಸಬೇಕು. ದೇಹದಲ್ಲಿ ನೀರಿದ್ದರೆ ಕಫ ತೆಳುವಾಗಿ ಸುಲಭವಾಗಿ ಹೊರಬರುತ್ತದೆ.

ಕೂಸಿನ ರಾತ್ರಿ ಕೆಮ್ಮಿಗೆ ಬಹಳ ಸಲ ಮೂಗೇ ಕಾರಣ. ಮಲಗಿದಾಗ ಸಿಂಬಳ ಗಂಟಲಿಗೆ ಇಳಿದು ಕೆರೆಯುತ್ತದೆ. ಮೂಗು ಸೀನಿ ತೆಗೆಯಲು ಈ ವಯಸ್ಸಿನವರಿಗೆ ಬಾರದು. ಕುದಿಸಿ ಆರಿಸಿದ ಒಂದು ಲೋಟ ನೀರಿಗೆ ಅರ್ಧ ಚಹಾ ಚಮಚೆ ಉಪ್ಪು ಕದಡಿ, ಎರಡೆರಡು ಹನಿ ಮೂಗಿಗೆ ಬಿಟ್ಟು, ಮೆತ್ತನೆಯ ಬಟ್ಟೆಯ ಬತ್ತಿಯಿಂದ ಹೊರಗಿನಿಂದಷ್ಟೇ ಒರೆಸಬೇಕು. ಈ ನೀರನ್ನು ದಿನವೂ ಹೊಸದಾಗಿ ಮಾಡಿಕೊಳ್ಳಬೇಕು. ಕೆಮ್ಮು ಎದ್ದಾಗ ಕೂಸನ್ನು ಎತ್ತಿ ಹೆಗಲಿಗೆ ಒರಗಿಸಿಕೊಳ್ಳುವುದು ಕೂಡ ಮದ್ದೇ. ಅಷ್ಟರಿಂದಲೇ ಎಷ್ಟೋ ಕೂಸುಗಳು ಮತ್ತೆ ಮಲಗಿಬಿಡುತ್ತವೆ.

ಬಿಡಲೇಬೇಕಾದವು

ಮೂಗಿಗೆ ಎಣ್ಣೆ ಬಿಡುವುದನ್ನು ಮೊದಲು ಬಿಡಬೇಕು. ಉಪ್ಪುನೀರು ಶ್ವಾಸಕೋಶಕ್ಕೆ ಇಳಿದರೆ ಹೀರಿಕೊಂಡು ಹೋಗುತ್ತದೆ. ಎಣ್ಣೆ ಮತ್ತು ತುಪ್ಪ ಹಾಗಲ್ಲ. ಅವು ಒಳಗೇ ನಿಂತು, ತಿಂಗಳುಗಟ್ಟಲೆ ಕಾಡುವ ಒಂದು ಬಗೆಯ ನ್ಯುಮೋನಿಯಾಕ್ಕೆ ಕಾರಣವಾಗುತ್ತವೆ. ಕೂಸನ್ನು ಕಾಲ ಮೇಲೆ ಅಂಗಾತ ಮಲಗಿಸಿಕೊಂಡು, ಅಳುತ್ತಿರುವಾಗಲೇ ಒಳಲೆಯಿಂದ ಔಡಲ ಎಣ್ಣೆ ಹೊಯ್ಯುವುದರಲ್ಲಿಯೂ ಇದೇ ಅಪಾಯವಿದೆ. ಎಷ್ಟೋ ಸಲ ಬಿಡದ ಕೆಮ್ಮಿಗೆ ಕಾರಣವೇ ಆ ಎಣ್ಣೆಯಾಗಿರುತ್ತದೆ, ಮನೆಯವರು ಅದೇ ಎಣ್ಣೆಯನ್ನು ಮದ್ದೆಂದು ಮುಂದುವರಿಸುತ್ತಿರುತ್ತಾರೆ.

ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕರಗಿಸಿ ಎದೆಗೆ ಹಚ್ಚುವ ಪದ್ಧತಿ ಮನೆಮನೆಯಲ್ಲಿದೆ. ಎರಡು ವರ್ಷದೊಳಗಿನವರಿಗೆ ಕರ್ಪೂರ ಮತ್ತು ಮೆಂಥಾಲ್ ಇರುವ ಯಾವ ಮುಲಾಮೂ ಬೇಡ. ಎರಡು ದಾಟಿದವರಿಗೂ ಮೂಗಿನ ಹೊಳ್ಳೆಗೆ ಹಚ್ಚಬಾರದು. ಕರ್ಪೂರ ಹೊಟ್ಟೆಗೆ ಹೋದರೆ ಸಣ್ಣ ಪ್ರಮಾಣದಲ್ಲಿಯೇ ಫಿಟ್ಸ್ ಬರಿಸಬಲ್ಲದು. ಪೂಜೆಯ ಕರ್ಪೂರದ ಡಬ್ಬಿ ಅಂಬೆಗಾಲಿಡುವ ಕೂಸಿನ ಕೈಗೆ ಸಿಗುವಂತಿದ್ದರೆ ಇಂದೇ ಮೇಲಿನ ಮಾಡಕ್ಕೆ ಏರಿಸಿಡಿ. ಕುದಿಯುವ ನೀರಿನ ಪಾತ್ರೆಯ ಮೇಲೆ ಕೂಸನ್ನು ಬಗ್ಗಿಸಿ ಹಬೆ ಕೊಡುವುದೂ ಬೇಡ. ಹಬೆಯಿಂದ ಕೆಮ್ಮು ಬೇಗ ಹೋಗದು, ಪಾತ್ರೆ ಉರುಳಿ ಮೈ ಸುಟ್ಟುಕೊಂಡ ಮಕ್ಕಳು ಬಹಳ.

ಬರೆ ಹಾಕುವ ಮಾತನ್ನು ಬರೆಯಲೂ ಕೈ ನಡುಗುತ್ತದೆ. ಉತ್ತರ ಕರ್ನಾಟಕದಲ್ಲಿ ಇನ್ನೂ ಅಲ್ಲಲ್ಲಿ ಕೆಮ್ಮು-ದಮ್ಮಿಗೆಂದು ಕೂಸಿನ ಹೊಟ್ಟೆ ಎದೆಗಳ ಮೇಲೆ ಕಾಸಿದ ಕಬ್ಬಿಣ ಅಥವಾ ಊದಿನಕಡ್ಡಿಯಿಂದ ಚುರುಕು ಮುಟ್ಟಿಸುತ್ತಾರೆ. ಅದು ಔಷಧವಲ್ಲ, ಕೂಸಿನ ಮೇಲಿನ ಹಿಂಸೆ. ಸುಟ್ಟ ಗಾಯ ಕೀವುಗಟ್ಟಿ ಪ್ರಾಣಕ್ಕೇ ಎರವಾಗುತ್ತದೆ, ಚಿಕಿತ್ಸೆ ಸಿಗಬೇಕಾದ ಹೊತ್ತೂ ಮೀರಿಹೋಗುತ್ತದೆ. ನಿಮ್ಮ ಓಣಿಯಲ್ಲಿ ಯಾರಾದರೂ ಇದಕ್ಕೆ ಹೊರಟಿದ್ದರೆ ತಡೆಯಿರಿ.

ಹೊಗೆ ಮತ್ತು ಧೂಳು

ಜಮಖಂಡಿ-ಮುಧೋಳದ ಕಡೆ ಅಕ್ಟೋಬರ್-ನವೆಂಬರಿನಿಂದ ಕಬ್ಬು ಕಟಾವು ಆರಂಭವಾಗುತ್ತದೆ. ಕಟಾವು ಮುಗಿದ ಹೊಲದ ರವದಿಗೆ ಸಂಜೆ ಬೆಂಕಿ ಹಚ್ಚಿದರೆ, ಚಳಿಯ ರಾತ್ರಿಯಲ್ಲಿ ಆ ಹೊಗೆ ಮೇಲೇರದೆ ಊರ ಮೇಲೆಯೇ ಹಾಸಿಕೊಂಡು ನಿಲ್ಲುತ್ತದೆ. ಬೆಲ್ಲದ ಗಾಣಗಳ ಒಲೆಗಳೂ ಆಗಲೇ ಉರಿಯುತ್ತವೆ. ಕೆರಳಿದ ಶ್ವಾಸನಾಳ ಮಾಯಬೇಕೆನ್ನುವಷ್ಟರಲ್ಲಿ ಹೊಗೆ ಮತ್ತೆ ಕೆರಳಿಸುತ್ತದೆ, ಹದಿನೈದು ದಿನದ ಕೆಮ್ಮು ತಿಂಗಳಿಗೆ ಎಳೆಯುತ್ತದೆ. ರವದಿಯನ್ನು ಸುಡದೆ ಸಾಲುಗಳ ನಡುವೆ ಹಾಸಿ ಕೊಳೆಯಲು ಬಿಟ್ಟರೆ ನೆಲಕ್ಕೆ ಗೊಬ್ಬರವಾಗುತ್ತದೆ, ತೇವ ಉಳಿಯುತ್ತದೆ ಎಂದು ಕೃಷಿ ತಜ್ಞರು ಬಹಳ ಕಾಲದಿಂದ ಹೇಳುತ್ತಲೇ ಇದ್ದಾರೆ. ಕೂಸಿನ ಕೆಮ್ಮಿಗೆ ಮದ್ದು ಕೇಳುವ ರೈತಬಾಂಧವರಿಗೆ ನಮ್ಮ ಉತ್ತರದ ಒಂದು ಭಾಗ ಅವರ ಹೊಲದಲ್ಲಿಯೇ ಇದೆ.

ರಬಕವಿ-ಬನಹಟ್ಟಿಯ ನೇಕಾರ ಮನೆಗಳ ಕತೆ ಬೇರೆ. ಅಲ್ಲಿ ಎಷ್ಟೋ ಮನೆಗಳಲ್ಲಿ ಮಗ್ಗವೂ ತೊಟ್ಟಿಲೂ ಒಂದೇ ಸೂರಿನ ಕೆಳಗಿವೆ. ಪಾವರ್‌ಲೂಮ್ ಓಡುತ್ತಿದ್ದಷ್ಟು ಹೊತ್ತು ನೂಲಿನ ಧೂಳು ಗಾಳಿಯಲ್ಲಿ ತೇಲುತ್ತದೆ. ಕಾಯಕವನ್ನು ನಿಲ್ಲಿಸಿರೆಂದು ಹೇಳುವವರು ನಾವಲ್ಲ. ಆದರೆ ಕೂಸು ಮಲಗುವ ಜಾಗವನ್ನು ಮಗ್ಗದಿಂದ ಆದಷ್ಟು ದೂರಕ್ಕೆ, ನಡುವೆ ಬಾಗಿಲು ಅಥವಾ ದಪ್ಪ ಪರದೆ ಇರುವಂತೆ ಇಡಬಹುದು. ಕಸಬರಿಗೆಯಿಂದ ಧೂಳೆಬ್ಬಿಸುವ ಬದಲು ಒದ್ದೆ ಬಟ್ಟೆಯಿಂದ ನೆಲ ಒರೆಸಬಹುದು. ಮಗ್ಗದಿಂದ ಎದ್ದವರು ಅಂಗಿ ಬದಲಿಸಿ, ಕೈಮುಖ ತೊಳೆದು ಕೂಸನ್ನು ಎತ್ತಿಕೊಳ್ಳಬಹುದು.

ಹೊಗೆ ಹೊರಗಿನದೇ ಆಗಬೇಕಿಲ್ಲ. ಎರೆದ ಮೇಲೆ ಕೂಸಿಗೆ ಲೋಬಾನದ ಹೊಗೆ ಹಿಡಿಯುವುದು, ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುವುದು, ರಾತ್ರಿಯಿಡೀ ಸೊಳ್ಳೆಬತ್ತಿ ಹಚ್ಚುವುದು, ಮನೆಯೊಳಗೆ ಬೀಡಿ-ಸಿಗರೇಟು ಸೇದುವುದು, ಇವೆಲ್ಲ ಕೂಸಿನ ಶ್ವಾಸಕ್ಕೆ ಒಂದೇ. ಸೊಳ್ಳೆಗೆ ಪರದೆ ಸಾಕು, ಚಳಿಗೆ ಕೌದಿ ಸಾಕು. ದೃಷ್ಟಿಯಾಗಿದೆಯೆಂದು ಒಣಮೆಣಸಿನಕಾಯಿಯನ್ನು ಕೆಂಡಕ್ಕೆ ಹಾಕಿ, ಘಾಟಿಗೆ ಕೂಸು ಇನ್ನಷ್ಟು ಕೆಮ್ಮುವುದನ್ನು ನೋಡಿ ದೃಷ್ಟಿ ಬಹಳ ಬಲವಾಗಿದೆಯೆಂದು ಮತ್ತೆರಡು ಮೆಣಸಿನಕಾಯಿ ಹಾಕುವವರಿದ್ದಾರೆ. ಶರಣರ ದಾರಿಯಲ್ಲಿ ನಡೆಯುವ ಮನೆಗೆ ಅದರ ಅವಶ್ಯಕತೆ ಇಲ್ಲವೆಂದಷ್ಟೇ ಹೇಳುತ್ತೇವೆ.

ಇದೇ ಹೊಗೆಯಲ್ಲಿ, ಹೊಲದ ಬದುವಿನ ಗುಡಿಸಲುಗಳಲ್ಲಿ, ಮಹಾರಾಷ್ಟ್ರದ ಬೀಡ್ ಕಡೆಯಿಂದ ಬರುವ ಕಬ್ಬು ಕಡಿಯುವವರ ಕೂಸುಗಳೂ ಮಲಗುತ್ತವೆ. ಊರೂರು ಅಲೆಯುವ ಅವುಗಳಿಗೆ ಲಸಿಕೆ ತಪ್ಪಿರುವ ಸಂಭವ ಹೆಚ್ಚು. ಹೊಲದ ಯಜಮಾನರು ಆಶಾ ಕಾರ್ಯಕರ್ತೆಗೆ ಒಂದು ಮಾತು ತಿಳಿಸಿದರೂ ದೊಡ್ಡ ಉಪಕಾರ.

ಉಸಿರು ಎಣಿಸುವುದನ್ನು ಕಲಿಯಿರಿ

ಕೆಮ್ಮಿನ ಸದ್ದು ಎಷ್ಟು ಜೋರಾಗಿದೆ ಎಂಬುದರಿಂದ ಅಪಾಯ ತಿಳಿಯುವುದಿಲ್ಲ, ಉಸಿರಿನಿಂದ ತಿಳಿಯುತ್ತದೆ. ಕೂಸು ಅಳದೆ ಶಾಂತವಾಗಿರುವಾಗ ಅಂಗಿ ಎತ್ತಿ, ಗಡಿಯಾರ ನೋಡುತ್ತ, ಹೊಟ್ಟೆ ಏಳುವುದನ್ನು ಒಂದು ನಿಮಿಷ ಪೂರ್ತಿ ಎಣಿಸಿ. ಒಂದರಿಂದ ಐದು ವರ್ಷದವರಲ್ಲಿ ನಿಮಿಷಕ್ಕೆ 40 ಅಥವಾ ಹೆಚ್ಚು, ಎರಡು ತಿಂಗಳಿನಿಂದ ಒಂದು ವರ್ಷದವರಲ್ಲಿ 50 ಅಥವಾ ಹೆಚ್ಚು ಇದ್ದರೆ ಅದು ನ್ಯುಮೋನಿಯಾದ ಸೂಚನೆ. ಅಂದೇ ಆಸ್ಪತ್ರೆಗೆ ಹೋಗಬೇಕು. 2019ರಲ್ಲಿ ಆರಂಭವಾದ ಕೇಂದ್ರ ಸರಕಾರದ ‘ಸಾನ್ಸ್’ ಅಭಿಯಾನವು ಆಶಾ ಕಾರ್ಯಕರ್ತೆಯರ ಮೂಲಕ ಮನೆಮನೆಗೆ ತಲುಪಿಸಬಯಸುವ ಪಾಠವೂ ಇದೇ.

ಉಸಿರೆಳೆದಾಗ ಪಕ್ಕೆಲುಬಿನ ಕೆಳಭಾಗ ಒಳಗೆ ಸೆಳೆದರೆ, ತುಟಿ ನೀಲಿಗಟ್ಟಿದರೆ, ಕುಡಿಯಲು ಆಗದಷ್ಟು ಸೋತರೆ, ಕುಡಿದದ್ದೆಲ್ಲ ವಾಂತಿಯಾದರೆ, ಎಬ್ಬಿಸಿದರೂ ಮಂಪರು ಹರಿಯದಿದ್ದರೆ ಬೆಳಗಿನವರೆಗೆ ಕಾಯುವಂತಿಲ್ಲ. 108ಕ್ಕೆ ಕರೆ ಮಾಡಿ ಹೊರಡಬೇಕು. ಆಡುತ್ತಿದ್ದ ಕೂಸು ಇದ್ದಕ್ಕಿದ್ದಂತೆ ಕೆಮ್ಮತೊಡಗಿದರೆ ಶೇಂಗಾ, ಪುಠಾಣಿ, ಹುಣಸೆಬೀಜವೇನಾದರೂ ಶ್ವಾಸನಾಳಕ್ಕೆ ಸೇರಿರಬಹುದೆಂದು ಶಂಕಿಸಬೇಕು. ಮೊದಲ ಗಳಿಗೆಯ ನಂತರ ಕೆಮ್ಮು ತಗ್ಗಿದಂತೆ ಕಂಡರೂ ಕಾಳು ಒಳಗೇ ಉಳಿದು ವಾರಗಟ್ಟಲೆ ಕೆಮ್ಮಿಸಬಲ್ಲದು. ನಮ್ಮ ಭಾಗದಲ್ಲಿ ಶೇಂಗಾ ಇಲ್ಲದ ಮನೆಯಿಲ್ಲ. ನಾಲ್ಕು-ಐದು ವರ್ಷವಾಗುವವರೆಗೆ ಅದನ್ನು ಹಿಂಡಿ ಮಾಡಿಯೇ ಕೊಡಬೇಕು.

ಇವ್ಯಾವೂ ಇಲ್ಲದೆ, ಕೆಮ್ಮು ಮಾತ್ರ ಮೂರು ವಾರ ದಾಟಿದರೂ ಒಮ್ಮೆ ವೈದ್ಯರಿಗೆ ತೋರಿಸಬೇಕು. ಎರಡು ವಾರ ಮೀರಿದ ಕೆಮ್ಮಿನ ಜೊತೆ ಜ್ವರವಿದ್ದರೆ, ತೂಕ ಇಳಿಯುತ್ತಿದ್ದರೆ ಅಥವಾ ಏರದೆ ನಿಂತಿದ್ದರೆ, ಮನೆಯಲ್ಲಿ ಯಾರಿಗಾದರೂ ಕ್ಷಯ ಬಂದಿದ್ದರೆ ಅಷ್ಟೂ ಕಾಯದೆ ಕ್ಷಯದ ಪರೀಕ್ಷೆ ಮಾಡಿಸಬೇಕು. ಸರಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. ಕೆಮ್ಮಿ ಕೆಮ್ಮಿ ಮುಖ ಕೆಂಪೇರಿ, ಕೊನೆಗೆ ಉಸಿರು ಒಳಗೆಳೆಯುವಾಗ ಕೂಗಿದಂಥ ಸದ್ದು ಬಂದರೆ ಅದು ನಾಯಿಕೆಮ್ಮು ಇರಬಹುದು. ಅದರ ಲಸಿಕೆ 6, 10 ಮತ್ತು 14ನೆಯ ವಾರಗಳ ಚುಚ್ಚುಮದ್ದಿನಲ್ಲಿದೆ, ಮುಂದಿನ ವರ್ಧಕ ಡೋಸು 16ರಿಂದ 24 ತಿಂಗಳೊಳಗೆ. ನ್ಯುಮೋನಿಯಾದ ಪಿಸಿವಿ ಲಸಿಕೆ 6ನೆಯ ವಾರ, 14ನೆಯ ವಾರ ಮತ್ತು 9ನೆಯ ತಿಂಗಳಿಗೆ. ಒಂದೂವರೆ ವರ್ಷದ ವರ್ಧಕ ಡೋಸನ್ನು ಮರೆಯುವವರೇ ಹೆಚ್ಚು. ತಾಯಿ ಕಾರ್ಡನ್ನು ತೆಗೆದು ಒಮ್ಮೆ ನೋಡಿಕೊಳ್ಳಿ.

ಆಸ್ಪತ್ರೆಗೆ ಹೋಗುವಾಗ ಆ ಕಾರ್ಡು, ಈಗಾಗಲೇ ಕೊಟ್ಟ ಸಿರಪ್ಪಿನ ಶೀಶೆ ಇಲ್ಲವೇ ಗುಟ್ಟಿಯ ಪೊಟ್ಟಣ, ಕೆಮ್ಮು ಎಂದಿನಿಂದ ಎಂಬುದನ್ನು ಬರೆದ ಚೀಟಿ ಜೊತೆಗಿರಲಿ. ರಾತ್ರಿ ಕೂಸು ಉಸಿರಾಡುವಾಗ ಮೊಬೈಲಿನಲ್ಲಿ ಅರ್ಧ ನಿಮಿಷ ಚಿತ್ರೀಕರಿಸಿಕೊಂಡು ಹೋದರೆ ವೈದ್ಯರಿಗೆ ಬಹಳ ಅನುಕೂಲ. ಹಗಲು ಅವರೆದುರು ಕೂಸು ಕೆಮ್ಮದೆ ನಗುತ್ತ ಕುಳಿತಿರುವುದೇ ಹೆಚ್ಚು. ಮನೆಯಲ್ಲಿ ಕೊಟ್ಟದ್ದನ್ನು ಬೈದಾರೆಂಬ ಭಯದಿಂದ ಮುಚ್ಚಿಡದೆ ಎಲ್ಲವನ್ನೂ ಹೇಳಿ.